ಮಂಡಿಯ ಹಳೇ ಪಟ್ಟಿ ಪ್ರೋಗ್ರಾಂ ಹೊಸ ಕಂಪ್ಯೂಟರ್‌ನಲ್ಲಿ ಓಡ್ತಿಲ್ಲ. ವಿನ್16, ವಿನ್32 ಬಲ್ಲವರು ಯಾರಾದ್ರೂ ಇದ್ದೀರಾ?

ಮಂಡಿ_ಹುಡುಗ · ಶನಿವಾರ ಸಂಜೆ 6:10

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮ ದೊಡ್ಡಪ್ಪನ ಅಡತಿ ಅಂಗಡಿ ಇದೆ. ಮೆಕ್ಕೆಜೋಳ ಜಾಸ್ತಿ, ಸೀಸನ್‌ನಲ್ಲಿ ಸ್ವಲ್ಪ ಶೇಂಗಾ. ರೈತರಿಗೆ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಹೊಡೆದು ಕೊಡೋಕೆ ಒಂದು ಹಳೇ ಪ್ರೋಗ್ರಾಂ ಇಟ್ಟುಕೊಂಡಿದ್ದೇವೆ. ಚೀಲ, ತೂಕ, ದರ, ಹಮಾಲಿ ಹಾಕಿ ಎಂಟರ್ ಒತ್ತಿದರೆ ಸಾಕು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರ್ ಕರ್ರ್ ಅಂತ ಪಟ್ಟಿಯನ್ನು ಹೊರಗೆ ತಳ್ಳುತ್ತದೆ. 1996ರಲ್ಲಿ ವಿಷುವಲ್ ಬೇಸಿಕ್ 3 (ವಿಬಿ3) ಭಾಷೆಯಲ್ಲಿ ಮಾಡಿದ್ದು. ಮಾಡಿಕೊಟ್ಟವರು ಈಗ ಊರಲ್ಲಿಲ್ಲ, ಫೋನ್ ನಂಬರೂ ಇಲ್ಲ.

ಹೋದ ವಾರ ಹಳೇ ಕಂಪ್ಯೂಟರ್‌ನ ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಪೆಟ್ಟಿಗೆ) ಸುಟ್ಟಿತು, ಹೋಗೋವಾಗ ಮದರ್‌ಬೋರ್ಡನ್ನೂ ಕರ್ಕೊಂಡು ಹೋಯಿತು. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಈಗ ತಂದಿರೋದು ವಿಂಡೋಸ್ 11. ಫೋಲ್ಡರ್ ಕಾಪಿ ಮಾಡಿ ಡಬಲ್ ಕ್ಲಿಕ್ ಮಾಡಿದರೆ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡಲ್ಲ ಅಂತ ಬರುತ್ತದೆ, ಅಷ್ಟೇ.

ಪರಿಹಾರ ಬೇಕು, ಜೊತೆಗೆ ಕಾರಣವೂ ಬೇಕು. ಯಾಕೆಂದರೆ ಗೋದಾಮಿನ ಲೆಕ್ಕಕ್ಕೆ 1999ರ ಇನ್ನೊಂದು ಪ್ರೋಗ್ರಾಂ ಇದೆ, ವಿಬಿ6ರದ್ದು. ಅದು ಇದೇ ವಿಂಡೋಸ್ 11ರಲ್ಲಿ ಒಂದು ತಕರಾರಿಲ್ಲದೆ ಓಡುತ್ತಿದೆ. ಎರಡಕ್ಕೂ ಮೂರೇ ವರ್ಷದ ಅಂತರ. ಒಂದು ಹೋಯಿತು, ಒಂದು ಉಳಿಯಿತು. ದೊಡ್ಡಪ್ಪ ಕೇಳ್ತಿದ್ದಾರೆ: “ದುಡ್ಡು ಕೊಟ್ಟು ಹೊಸದು ತಂದ್ವಿ, ಹಳೇದು ಮಾಡ್ತಿದ್ದ ಕೆಲಸ ಮಾಡಲ್ವಾ ಇದು?” ನನ್ನ ಹತ್ತಿರ ಉತ್ತರ ಇಲ್ಲ.

ಮಿರ್ಚಿ_ಮಂಡಕ್ಕಿ · 6:22

ಹೊಸ ಸಾಫ್ಟ್‌ವೇರ್ ತಗೊಳ್ಳಿ ಗುರು. 1996ರದ್ದು ಇಟ್ಕೊಂಡು ಯಾಕೆ ಒದ್ದಾಡ್ತೀರಾ.

ಮಂಡಿ_ಹುಡುಗ · 6:25

ಈ ಮಾತನ್ನು ನೀವೇ ಮಂಡಿಗೆ ಬಂದು ದೊಡ್ಡಪ್ಪನ ಮುಂದೆ ಹೇಳಿ. ಚಹಾ ನಮ್ಮದು.

ಹಳೇ_ಫ್ಲಾಪಿ · 7:48

ತಮ್ಮಾ, ನಿಮ್ಮ ಪ್ರಶ್ನೆ ನೋಡಿ ಊಟಕ್ಕೆ ಏಳೋದು ತಡ ಆಯಿತು. ನಾನು 1994ರಿಂದ ಹತ್ತು ವರ್ಷ ಇದನ್ನೇ ಬರೆದು ಹೊಟ್ಟೆ ಹೊರೆದವನು. ವಿದ್ಯಾನಗರದಲ್ಲಿ ಒಂದು ಸಣ್ಣ ರೂಮು, ಒಂದು 486 ಕಂಪ್ಯೂಟರ್, ನಾಲ್ಕು ಮೆಗಾಬೈಟ್ ರ‍್ಯಾಮ್.

ನಿಮ್ಮ ವಿಬಿ3 ಪ್ರೋಗ್ರಾಂ 16 ಬಿಟ್‌ನದು, ಅಂದರೆ 16 ಸೊನ್ನೆ-ಒಂದುಗಳ ಸಂಖ್ಯೆಯಲ್ಲಿ ಲೆಕ್ಕ ಮಾಡೋ ಹಳೇ ಕಾಲದ್ದು. ಫೋಲ್ಡರ್‌ನಲ್ಲಿ ನೋಡಿ, ವಿಬಿರನ್300.ಡಿಎಲ್ಎಲ್ ಅಂತ ಒಂದು ಫೈಲ್ ಇರಬೇಕು. ಅದು ಮಾತಾಡೋದು ಹಳೇ ವಿಂಡೋಸ್ ಎಪಿಐ ಜೊತೆ. ಎಪಿಐ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ: ಪ್ರೋಗ್ರಾಂ ತಾನೇ ಕಿಟಕಿ ಬಿಡಿಸೋದಿಲ್ಲ, ತಾನೇ ಪ್ರಿಂಟರ್ ಮುಟ್ಟೋದಿಲ್ಲ. ಆಪರೇಟಿಂಗ್ ಸಿಸ್ಟಂಗೆ “ಒಂದು ಕಿಟಕಿ ತೆಗಿ, ಇಲ್ಲಿ ಈ ಅಕ್ಷರ ಬರಿ” ಅಂತ ಹೇಳಿ ಮಾಡಿಸಿಕೊಳ್ಳುತ್ತದೆ. ಹಾಗೆ ಹೇಳೋಕೆ ಗೊತ್ತುಮಾಡಿದ ಕರೆಗಳ ಪಟ್ಟಿಯೇ ಎಪಿಐ. 1985ರ ನವೆಂಬರ್‌ನಲ್ಲಿ ವಿಂಡೋಸ್ 1.0 ಬಂದಾಗ ಈ ಪಟ್ಟಿಯಲ್ಲಿ 450ಕ್ಕಿಂತ ಕಡಿಮೆ ಕರೆಗಳಿದ್ದವು. ಈಗ ಸಾವಿರಾರು. 16 ಬಿಟ್ ಕಾಲದ ಪಟ್ಟಿಗೆ ವಿನ್16, ಆಮೇಲೆ ಬಂದ 32 ಬಿಟ್ ಪಟ್ಟಿಗೆ ವಿನ್32 ಅಂತ ಹೆಸರು.

ಆಗಲೇ ಮೂರು ಕಂಬ ನೆಟ್ಟಿದ್ದರು. ಮೆಮೊರಿ, ಫೈಲ್ ನೋಡಿಕೊಳ್ಳೋಕೆ ಕರ್ನಲ್. ಕಿಟಕಿ, ಮೆನು, ಬಟನ್‌ಗೆ ಯೂಸರ್. ಗೆರೆ, ಬಣ್ಣ, ಅಕ್ಷರಕ್ಕೆ ಜಿಡಿಐ. ಇವತ್ತು ನಿಮ್ಮ ವಿಂಡೋಸ್ 11ರಲ್ಲಿ ಹುಡುಕಿದರೂ ಕರ್ನಲ್32, ಯೂಸರ್32, ಜಿಡಿಐ32 ಅಂತ ಅದೇ ಮೂರು ಸಿಗುತ್ತವೆ. ನಲವತ್ತು ವರ್ಷ ಆಯಿತು ನೋಡಿ.

16 ಬಿಟ್ ಕಾಲದ ಕಷ್ಟ ಹೇಳ್ತೀನಿ. ಮೆಮೊರಿಯನ್ನು 64 ಕಿಲೋಬೈಟ್‌ನ ತುಂಡು ತುಂಡಾಗಿ ಹಂಚೋರು. ಒಂದೇ ತುಂಡಿನ ಒಳಗಿನ ವಿಳಾಸಕ್ಕೆ ನಿಯರ್ ಪಾಯಿಂಟರ್, ಆಚೆ ತುಂಡಿನದಕ್ಕೆ ಫಾರ್ ಪಾಯಿಂಟರ್. ಎಲ್ಲಿ ಯಾವುದು ಅಂತ ತಪ್ಪಿದರೆ ಪ್ರೋಗ್ರಾಂ ಮಕಾಡೆ. ಮೆಮೊರಿ ಕೇಳಿದರೆ ವಿಳಾಸ ಕೊಡುತ್ತಿರಲಿಲ್ಲ, ಒಂದು ಹ್ಯಾಂಡಲ್ ಕೊಡುತ್ತಿತ್ತು. ಅಂದರೆ ಟೋಕನ್. ಬೇಕಾದಾಗ ಟೋಕನ್ ತೋರಿಸಿ ಗ್ಲೋಬಲ್‌ಲಾಕ್ ಅಂತ ಕರೆದು ವಿಳಾಸ ತಗೋಬೇಕು, ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ಯಾಕೆಂದರೆ ನಡುವೆ ವಿಂಡೋಸ್ ಆ ತುಂಡನ್ನು ಎತ್ತಿ ಬೇರೆ ಕಡೆ ಇಟ್ಟಿರಬಹುದು. ಮಂಡಿಯಲ್ಲಿ ಹಮಾಲರು ಜಾಗ ಸಾಲದೆ ಚೀಲದ ಸಾಲು ಬದಲಿಸ್ತಾರಲ್ಲ, ಹಾಗೆ.

ಇನ್ನೊಂದು, ಜಿಡಿಐ ತನ್ನ ಪೆನ್ನು, ಬ್ರಷ್ಷುಗಳ ಲೆಕ್ಕ ಇಡುತ್ತಿದ್ದ ಜಾಗವೂ ಅದೇ 64 ಕಿಲೋಬೈಟ್. ಇಡೀ ಸಿಸ್ಟಂಗೆಲ್ಲ ಸೇರಿ! ಪ್ರೋಗ್ರಾಂ ಬರೆದವನು ಪೆನ್ನು ತಗೊಂಡು ವಾಪಸ್ ಕೊಡೋದು ಮರೆತರೆ ಸಂಜೆ ಹೊತ್ತಿಗೆ ಎಲ್ಲಾ ಕಿಟಕಿಗಳೂ ಬಿಳುಚಿಕೊಂಡು ನಿಲ್ಲೋವು. ನಾನು ಒಂದು ರೈಸ್ ಮಿಲ್‌ಗೆ ಕೊಟ್ಟ ಪ್ರೋಗ್ರಾಂ ದಿನಾ ನಾಲ್ಕು ಗಂಟೆಗೆ ಸರಿಯಾಗಿ ಹಾಳಾಗುತ್ತಿತ್ತು. ಅವರು ಕರೆಂಟಿನ ತೊಂದರೆ ಅಂದುಕೊಂಡು ಸ್ಟೆಬಿಲೈಸರ್ ತಂದಿಟ್ಟರು. ತಪ್ಪು ನನ್ನದು, ಹಾಳೆಯ ಪ್ರತಿ ಗೆರೆಗೂ ಒಂದು ಪೆನ್ನು ತೆಗೆದು ಒಂದನ್ನೂ ವಾಪಸ್ ಕೊಟ್ಟಿರಲಿಲ್ಲ. ಅವರಿಗೆ ಸತ್ಯ ಹೇಳೋಕೆ ಆರು ತಿಂಗಳು ಹಿಡಿಯಿತು.

ಮಿರ್ಚಿ_ಮಂಡಕ್ಕಿ · 7:59

ಸ್ಟೆಬಿಲೈಸರ್ ದುಡ್ಡು ಕೊಟ್ರಾ?

ಹಳೇ_ಫ್ಲಾಪಿ · 8:02

ಇಲ್ಲ. ಅದನ್ನ ಫ್ರಿಜ್‌ಗೆ ಹಾಕ್ಕೊಂಡ್ರು, ಚೆನ್ನಾಗಿ ನಡೀತು.

ಕಲ್ಲಿನಕೋಟೆ · 8:30

ಚಿತ್ರದುರ್ಗದಿಂದ. ನಾನು ಹೊಸ ತಲೆಮಾರಿನವನು, ಲಿನಕ್ಸ್ ಕಡೆಯವನು. ಆದರೂ ವಿನ್32 ಬಗ್ಗೆ ಒಂದು ರೀತಿ ಹುಚ್ಚು ಇದೆ.

ಆ ಕಾಲದ್ದು ಇನ್ನೊಂದು ವಿಷಯ ಸೇರಿಸ್ತೀನಿ. ವಿಂಡೋಸ್ 3.1ರಲ್ಲಿ ಒಂದು ಪ್ರೋಗ್ರಾಂ ನೇತಾಡಿದರೆ ಇಡೀ ಕಂಪ್ಯೂಟರ್ ನೇತಾಡುತ್ತಿತ್ತು, ನೆನಪಿದೆಯಾ? ಪ್ರತಿ ಪ್ರೋಗ್ರಾಂ ಒಂದು ಸುತ್ತು ಹೊಡೆಯುತ್ತಲೇ ಇರುತ್ತದೆ. ಗೆಟ್‌ಮೆಸೇಜ್ ಅಂತ ಕರೆದು “ನನಗೇನಾದ್ರೂ ಇದೆಯಾ?” ಅಂತ ಕೇಳೋದು. ಮೌಸ್ ಒತ್ತಿದ್ದು, ಕೀ ಒತ್ತಿದ್ದು, ಕಿಟಕಿ ಮತ್ತೆ ಬರೆಯಬೇಕಾದ್ದು, ಎಲ್ಲಾ ಅಲ್ಲೇ ಸಿಗೋದು. ಸಿಕ್ಕಿದ್ದನ್ನ ಡಿಸ್ಪ್ಯಾಚ್‌ಮೆಸೇಜ್ ಮೂಲಕ ತನ್ನ ಕಿಟಕಿಗೆ ತಲುಪಿಸಿ, ಮತ್ತೆ ಕೇಳೋದು. ಹಳೇ ವಿಂಡೋಸ್‌ಗೆ ಬೇರೆ ಪ್ರೋಗ್ರಾಂ ಕಡೆ ತಿರುಗೋಕೆ ಅವಕಾಶ ಸಿಗುತ್ತಿದ್ದದ್ದೇ ಈ ಕೇಳೋ ಹೊತ್ತಿನಲ್ಲಿ. ದೋಸೆ ಹೋಟೆಲಿನಲ್ಲಿ ಒಬ್ಬನೇ ಸಪ್ಲಯರ್ ಇದ್ದಾನೆ ಅಂದುಕೊಳ್ಳಿ. ಒಂದು ಟೇಬಲ್‌ನವರು ಅವನನ್ನು ಮಾತಿಗೆ ಹಿಡಿದು ನಿಲ್ಲಿಸಿಕೊಂಡರೆ ಮಿಕ್ಕವರು ಬರೀ ಚಟ್ನಿ ನೋಡ್ತಾ ಕೂರಬೇಕು.

ವಿಂಡೋಸ್ 95ರಲ್ಲಿ 32 ಬಿಟ್ ಪ್ರೋಗ್ರಾಂಗಳಿಂದ ಸರದಿಯನ್ನು ಸಿಸ್ಟಂ ತಾನೇ ಕಿತ್ತುಕೊಳ್ಳೋ ಹಾಗಾಯಿತು. ಆದರೂ ಒಳಗೆ 16 ಬಿಟ್ ಭಾಗ ತುಂಬಾ ಉಳಿದಿತ್ತು, ಅದಕ್ಕೆ ಒಂದೇ ಒಂದು ಬೀಗ. ಹಳೇ ಪ್ರೋಗ್ರಾಂ ಒಂದು ಆ ಬೀಗ ಹಿಡಿದು ಕೂತರೆ ಕಥೆ ಮತ್ತೆ ಅದೇ.

ವಿದ್ಯಾನಗರ_ಮೇಷ್ಟ್ರು · 9:15

ಮುಖ್ಯವಾದ ಒಂದು ತಿರುವನ್ನು ಇಬ್ಬರೂ ಬಿಟ್ಟಿರಿ. ವಿನ್32 ಹುಟ್ಟಿದ್ದು ಪ್ಲಾನ್ ಪ್ರಕಾರ ಅಲ್ಲವೇ ಅಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಜೊತೆಯಾಗಿ ಓಎಸ್/2 ಅನ್ನೋ ಆಪರೇಟಿಂಗ್ ಸಿಸ್ಟಂ ಮಾಡುತ್ತಿದ್ದವು. ಮೊದಲ ಆವೃತ್ತಿ 1987ರ ಡಿಸೆಂಬರ್. ಮುಂದಿನ ದಾರಿ ಅದೇ, ವಿಂಡೋಸ್ ಸುಮ್ನೆ ನಡುವಿನ ವ್ಯವಸ್ಥೆ ಅಂತಲೇ ಬಹಳ ಜನ ನಂಬಿದ್ದರು. 1988ರಲ್ಲಿ ಡಿಜಿಟಲ್ ಕಂಪನಿಯಿಂದ ಡೇವ್ ಕಟ್ಲರ್ ಬಂದು, ಮೈಕ್ರೋಸಾಫ್ಟ್‌ನ ಹೊಸ ಆಪರೇಟಿಂಗ್ ಸಿಸ್ಟಂ ಆದ ಎನ್‌ಟಿ ಕೆಲಸ ಶುರು ಮಾಡಿದರು. ಅದು ಹೊರಗೆ ತೋರಿಸಬೇಕಿದ್ದ ಮುಖ ಓಎಸ್/2 ಎಪಿಐ. ಅಷ್ಟರಲ್ಲಿ 1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಂತು, ಯಾರೂ ಎಣಿಸದಷ್ಟು ಮಾರಾಟ ಆಯಿತು. ತೀರ್ಮಾನ ತಿರುಗಿತು. ಎನ್‌ಟಿಗೆ ಓಎಸ್/2 ಮುಖ ಬೇಡ, ವಿಂಡೋಸ್ ಎಪಿಐಯನ್ನೇ 32 ಬಿಟ್‌ಗೆ ಹಿಗ್ಗಿಸೋಣ ಅಂದರು. ಐಬಿಎಂ ಜೊತೆಗಿನ ನಂಟು ಅಲ್ಲಿಂದ ಹರಿಯುತ್ತಾ ಹೋಯಿತು.

1992ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನದಲ್ಲಿ ಡೆವಲಪರ್‌ಗಳ ಕೈಗೆ ವಿನ್32 ಕಿಟ್ ಕೊಟ್ಟರು. 1993ರ ಜುಲೈ 27ಕ್ಕೆ ವಿಂಡೋಸ್ ಎನ್‌ಟಿ 3.1 ಹೊರಬಂತು. ಮೊದಲನೇ ಆವೃತ್ತಿಗೇ 3.1 ಅಂತ ಹೆಸರು! ಆಗ ಅಂಗಡಿಯಲ್ಲಿದ್ದ ವಿಂಡೋಸ್ 3.1ರ ನಂಬರಿಗೆ ಜೋಡಿ ಮಾಡಿಟ್ಟದ್ದು ಅದು.

ನನ್ನ ಅಭಿಪ್ರಾಯ ಕೇಳಿದರೆ, ಓಎಸ್/2 ಎಪಿಐ ಹೆಚ್ಚು ಅಚ್ಚುಕಟ್ಟಾಗಿತ್ತು. ಗೆದ್ದದ್ದು ಮಾತ್ರ ಗಲೀಜು.

ಹಳೇ_ಫ್ಲಾಪಿ · 9:31

ಮೇಷ್ಟ್ರೇ, ಅಚ್ಚುಕಟ್ಟು ಅಂತೀರಲ್ಲ, ಅದರಲ್ಲಿ ಪರದೆಯ ಸೊನ್ನೆ ಕೆಳಗಡೆ ಎಡಮೂಲೆಯಲ್ಲಿತ್ತು, ವಿಂಡೋಸ್‌ನಲ್ಲಿ ಮೇಲ್ಗಡೆ ಎಡಮೂಲೆ. ಕರೆಗಳ ಹೆಸರೂ ಬೇರೆ. ಕೈಯಲ್ಲಿದ್ದ ವಿಂಡೋಸ್ ಪ್ರೋಗ್ರಾಂ ಅಲ್ಲಿಗೆ ಒಯ್ಯಬೇಕಂದರೆ ಹೊಸದಾಗಿ ಬರೆದಷ್ಟೇ ಕೆಲಸ. ನನ್ನಂಥ ಬಡಪಾಯಿ ಯಾಕೆ ಮಾಡಲಿ? ವಿನ್32 ಬಂದಾಗ ನನ್ನ ಕೋಡ್‌ನಲ್ಲಿ ನಿಯರ್, ಫಾರ್ ಕಿತ್ತುಹಾಕಿ, 16 ಬಿಟ್ ಸಂಖ್ಯೆಗಳನ್ನ ನೋಡಿ ತಿದ್ದಿ ಮತ್ತೆ ಕಂಪೈಲ್ ಮಾಡಿದರೆ ಮುಕ್ಕಾಲು ಪಾಲು ನಡೆಯಿತು. ಗಲೀಜು ಗೆದ್ದದ್ದು ಅದಕ್ಕೇ.

ವಿದ್ಯಾನಗರ_ಮೇಷ್ಟ್ರು · 9:40

ಒಪ್ಪಿದೆ. 1992ರ ಓಎಸ್/2 2.0 ಹಳೇ ವಿಂಡೋಸ್ ಪ್ರೋಗ್ರಾಂಗಳನ್ನೂ ಓಡಿಸುತ್ತಿತ್ತು, ಚೆನ್ನಾಗಿಯೇ. ಅದೇ ಅದಕ್ಕೆ ಮುಳುವಾಯಿತು ಅಂತ ನಾನು ತಿಳಿದುಕೊಂಡಿದ್ದೇನೆ. ವಿಂಡೋಸ್‌ಗೆ ಬರೆದರೆ ಎರಡು ಕಡೆಯೂ ಓಡುತ್ತದೆ ಅಂದಮೇಲೆ ಓಎಸ್/2ಗೇ ಅಂತ ಯಾರು ಬರೀತಾರೆ?

ಡಿಟಿಪಿ_ಅಕ್ಕ · 10:05

ಒಂದು ಅಡ್ಡಮಾತು. ಫ್ರೀಸೆಲ್ ಆಟ ನಿಮಗೆಲ್ಲ ಗೊತ್ತಲ್ಲ? ಅದು ವಿಂಡೋಸ್ ಜನಗಳ ಕೈಗೆ ಬಂದದ್ದು ವಿನ್32ಎಸ್ ಜೊತೆ. ವಿಂಡೋಸ್ 3.1ರ ಮೇಲೆ 32 ಬಿಟ್ ಪ್ರೋಗ್ರಾಂ ಓಡಿಸೋಕೆ ಒಂದು ಸಣ್ಣ ಕಟ್ಟು ಕೊಟ್ಟಿದ್ದರು, ಅದು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡೋಕೆ ಈ ಇಸ್ಪೀಟಾಟ. ನಮ್ಮ ಪ್ರೆಸ್ಸಿನಲ್ಲಿ ನಾವು ನಾಲ್ಕು ವರ್ಷ ಪರೀಕ್ಷೆ ಮಾಡಿದ್ವಿ.

ಮಂಡಿ_ಹುಡುಗ · 10:11

ಅಕ್ಕಾ 😄

ಎಲ್ಲರಿಗೂ ಥ್ಯಾಂಕ್ಸ್. ವಿಬಿರನ್300 ಫೈಲ್ ಇದೆ, ನೋಡಿದೆ. ಆದರೆ ಇನ್ನೂ ಒಂದು ಅರ್ಥ ಆಗಲಿಲ್ಲ. ಎಕ್ಸ್‌ಪಿಯಲ್ಲಿ ಓಡುತ್ತಿತ್ತಲ್ಲ? ಎಕ್ಸ್‌ಪಿ ಅಂದರೆ ಎನ್‌ಟಿ ವಂಶದ್ದೇ ತಾನೇ? ಈಗ ಯಾಕೆ ಇಲ್ಲ?

ಮಿರ್ಚಿ_ಮಂಡಕ್ಕಿ · 10:14

64 ಬಿಟ್ ಪ್ರೊಸೆಸರ್‌ಗೆ 16 ಬಿಟ್ ಕೋಡ್ ಅರ್ಥ ಆಗಲ್ಲ. ಸಿಂಪಲ್.

ಕಲ್ಲಿನಕೋಟೆ · 10:52

ಅಷ್ಟು ಸಿಂಪಲ್ ಅಲ್ಲ ಅಣ್ಣಾ. ಎಲ್ಲಾ ಕಡೆ ಇದನ್ನೇ ಹೇಳ್ತಾರೆ, ಅರ್ಧ ಮಾತ್ರ ಸರಿ.

32 ಬಿಟ್ ಎಕ್ಸ್‌ಪಿಯಲ್ಲಿ ಎನ್‌ಟಿವಿಡಿಎಂ ಅಂತ ಒಂದು ವ್ಯವಸ್ಥೆ ಇತ್ತು. ಡಾಸ್ ಪ್ರೋಗ್ರಾಂಗಳಿಗೆ ಪ್ರೊಸೆಸರ್‌ನ ವರ್ಚುವಲ್ 8086 ಅನ್ನೋ ಮೋಡ್ ಬಳಸುತ್ತಿತ್ತು. ಆ ಮೋಡ್ 64 ಬಿಟ್ ಸಿಸ್ಟಂ ಓಡುತ್ತಿರುವಾಗ ಸಿಗಲ್ಲ, ನಿಜ. ಆದರೆ ವಿಂಡೋಸ್ 3.1ರ ಪ್ರೋಗ್ರಾಂಗಳು ಓಡೋದು 16 ಬಿಟ್ ಪ್ರೊಟೆಕ್ಟೆಡ್ ಮೋಡ್‌ನಲ್ಲಿ. ಅದು 64 ಬಿಟ್ ಸಿಸ್ಟಂ ಒಳಗೂ ಓಡಬಲ್ಲದು! ಪುರಾವೆ ಬೇಕಾದರೆ 64 ಬಿಟ್ ಲಿನಕ್ಸ್ ಮೇಲೆ ವೈನ್ (ವಿಂಡೋಸ್ ಪ್ರೋಗ್ರಾಂ ಓಡಿಸೋ ಸಾಫ್ಟ್‌ವೇರ್) ಹಾಕಿ ನೋಡಿ, 16 ಬಿಟ್ ವಿಂಡೋಸ್ ಪ್ರೋಗ್ರಾಂ ಓಡಿಸುತ್ತದೆ.

ಹಾಗಾದರೆ ವಿಂಡೋಸ್‌ನಲ್ಲಿ ಯಾಕಿಲ್ಲ? ಮೈಕ್ರೋಸಾಫ್ಟ್ ಕೊಡೋ ಕಾರಣ ಹ್ಯಾಂಡಲ್. ಫ್ಲಾಪಿ ಅಣ್ಣ ಹೇಳಿದ ಟೋಕನ್ ಇದೆಯಲ್ಲ, 64 ಬಿಟ್ ವಿಂಡೋಸ್‌ನಲ್ಲಿ ಅದರ 32 ಬಿಟ್‌ಗಳಿಗೆ ಅರ್ಥ ಇದೆ. 16 ಬಿಟ್ ಪ್ರೋಗ್ರಾಂಗೆ ಅದನ್ನ ಕತ್ತರಿಸಿ ಕೊಟ್ಟರೆ ಅರ್ಧ ಹರಿದ ಟೋಕನ್ ಕೊಟ್ಟ ಹಾಗೆ. ಅದಕ್ಕೆ ಕೈಬಿಟ್ಟರು.

ನಿಮ್ಮ ವಿಬಿ6 ಪ್ರೋಗ್ರಾಂ ಬದುಕಿದ್ದು ಅದು ವಿನ್32 ಆದ್ದರಿಂದ. 64 ಬಿಟ್ ವಿಂಡೋಸ್ ಒಳಗೆ ವಾವ್64 ಅಂತ ಒಂದು ಪದರ ಇದೆ, 32 ಬಿಟ್ ಕರೆಗಳನ್ನ 64ಕ್ಕೆ ದಾಟಿಸುತ್ತದೆ. ವಿಬಿ6ರ ರನ್‌ಟೈಮ್ ಫೈಲನ್ನೂ ಇವತ್ತಿಗೂ ವಿಂಡೋಸ್ ಜೊತೆಗೇ ಕೊಡ್ತಾರೆ. ಮಜಾ ಗೊತ್ತಾ? 64 ಬಿಟ್ ಫೈಲ್‌ಗಳು ಇರೋದು ಸಿಸ್ಟಂ32 ಫೋಲ್ಡರ್‌ನಲ್ಲಿ. 32 ಬಿಟ್ ಫೈಲ್‌ಗಳು ಇರೋದು ಸಿಸ್‌ವಾವ್64 ಫೋಲ್ಡರ್‌ನಲ್ಲಿ. ಪೂರ್ತಿ ಉಲ್ಟಾ. ಸಿಸ್ಟಂ32 ಅಂತ ದಾರಿಯನ್ನ ಕೋಡ್‌ನಲ್ಲೇ ಬರೆದಿಟ್ಟ ಪ್ರೋಗ್ರಾಂಗಳು ಅಷ್ಟಿದ್ದವು, ಹೆಸರು ಮುಟ್ಟೋಕೆ ಆಗಲಿಲ್ಲ.

ಹಳೇ_ಫ್ಲಾಪಿ · 11:08

ದಾವಣಗೆರೆಯಲ್ಲಿ ಹತ್ತಿ ಗಿರಣಿ ಮುಚ್ಚಿ ಎಷ್ಟು ವರ್ಷ ಆಯಿತು, ದಾರಿ ಕೇಳಿದರೆ ಈಗಲೂ “ಮಿಲ್ ಹತ್ರ” ಅಂತೀವಲ್ಲ.

ಎಪಿಐ ತುಂಬಾ ಇಂಥವೇ. ಪ್ರತಿ ಮೆಸೇಜ್ ಜೊತೆ ಎರಡು ಸಂಖ್ಯೆ ಬರುತ್ತವೆ, ಡಬ್ಲ್ಯೂಪ್ಯಾರಂ, ಎಲ್‌ಪ್ಯಾರಂ. ಡಬ್ಲ್ಯೂ ಅಂದರೆ ವರ್ಡ್, 16 ಬಿಟ್. ಎಲ್ ಅಂದರೆ ಲಾಂಗ್, 32 ಬಿಟ್. ವಿನ್32 ಬಂದಾಗ ಎರಡೂ 32 ಆದವು, ಈಗ ಎರಡೂ 64. ಹೆಸರು ಹಾಗೇ ಇದೆ. ಪ್ರೋಗ್ರಾಂ ಶುರುವಾಗೋ ವಿನ್‌ಮೇನ್‌ಗೆ ಹಿಂದಿನ ಇನ್‌ಸ್ಟನ್ಸ್ ಅಂತ ಒಂದು ಮಾಹಿತಿ ಬರುತ್ತದೆ. 16 ಬಿಟ್‌ನಲ್ಲಿ ಅದಕ್ಕೆ ಕೆಲಸ ಇತ್ತು. ವಿನ್32ರಲ್ಲಿ 1993ರಿಂದ ಇವತ್ತಿನವರೆಗೂ ಅದರಲ್ಲಿ ಬರೋದು ಬರೀ ಸೊನ್ನೆ. ಪ್ರತಿ ಪ್ರೋಗ್ರಾಂಗೂ ಒಂದು ಖಾಲಿ ಲಕೋಟೆ ತಪ್ಪದೆ ತಲುಪುತ್ತಿದೆ.

ಕಲ್ಲಿನಕೋಟೆ · 11:15

ಇರೋ ಫೈಲ್ ತೆರೆಯೋ ಕರೆಯ ಹೆಸರು ಕ್ರಿಯೇಟ್‌ಫೈಲ್. ತೆರೆಯೋಕೆ ಆಗದಿದ್ದರೆ ಸಿಗೋದು ಮೈನಸ್ ಒಂದು. ಬೇರೆ ಎಷ್ಟೋ ಕರೆಗಳಲ್ಲಿ ಸೋತರೆ ಸಿಗೋದು ಸೊನ್ನೆ. ನಾನು ಸೊನ್ನೆಗೆ ಮಾತ್ರ ಪರೀಕ್ಷೆ ಬರೆದು, ಫೈಲೇ ಇಲ್ಲದೆ ಒಂದು ರಾತ್ರಿ ಪೂರ್ತಿ ಫೈಲ್ ಓದಿದ್ದೇನೆ.

ಒಂದು ಕಿಟಕಿ ತೆರೆಯೋ ಕ್ರಿಯೇಟ್‌ವಿಂಡೋ‌ಎಕ್ಸ್‌ಗೆ ಹನ್ನೆರಡು ಮಾಹಿತಿ ಕೊಡಬೇಕು. ಹಳೆಯದಕ್ಕೆ ಹನ್ನೊಂದಿತ್ತು. ಒಂದು ಜಾಸ್ತಿ ಬೇಕಾದಾಗ ಹಳೆಯದನ್ನ ಮುಟ್ಟದೆ ಬಾಲಕ್ಕೆ ಎಕ್ಸ್ ಸೇರಿಸಿ ಹೊಸದು ಮಾಡಿದರು. ಹೊಸ ಮನೆ ಕಟ್ಟಿದರೂ ಹಳೇ ಮನೆ ಕೆಡವಲ್ಲ ಇವರು.

ವಿದ್ಯಾನಗರ_ಮೇಷ್ಟ್ರು · ಭಾನುವಾರ ಬೆಳಿಗ್ಗೆ 7:20

ಕೆಡವದೇ ಇರೋದಕ್ಕೆ ಎಷ್ಟು ದೂರ ಹೋಗಿದ್ದರು ಅನ್ನೋದಕ್ಕೆ ಎರಡು ಉದಾಹರಣೆ.

ಸಿಮ್‌ಸಿಟಿ ಆಟದಲ್ಲಿ ಒಂದು ತಪ್ಪಿತ್ತು. ವಾಪಸ್ ಕೊಟ್ಟ ಮೆಮೊರಿಯನ್ನೇ ಮತ್ತೆ ಓದುತ್ತಿತ್ತು. ವಿಂಡೋಸ್ 3.1ರಲ್ಲಿ ಹೇಗೋ ನಡೆಯುತ್ತಿತ್ತು, 95ರಲ್ಲಿ ಕುಸಿಯುತ್ತಿತ್ತು. ಆಟ ಬರೆದವರಿಗೆ ತಿದ್ದಿ ಅನ್ನಲಿಲ್ಲ. ಓಡುತ್ತಿರೋದು ಸಿಮ್‌ಸಿಟಿನಾ ಅಂತ ನೋಡಿ, ಹೌದಾದರೆ ಮೆಮೊರಿಯನ್ನ ಕೂಡಲೇ ಬಿಡದ ಹಾಗೆ ವಿಂಡೋಸ್ 95ರಲ್ಲೇ ಬರೆದರು.

ಎರಡನೆಯದು, ವಿಂಡೋಸ್ 95ರ ನಿಜವಾದ ನಂಬರ್ 4.0. ಆದರೆ 16 ಬಿಟ್ ಪ್ರೋಗ್ರಾಂ ಕೇಳಿದರೆ 3.95 ಅಂತ ಹೇಳುತ್ತಿತ್ತು. 3.10ಕ್ಕಿಂತ ಮೇಲಿದೆಯಾ ಅಂತ ತಪ್ಪಾಗಿ ಪರೀಕ್ಷೆ ಬರೆದವರು ತುಂಬಾ ಜನ ಇದ್ದರು. ಎರಡು ಭಾಗವನ್ನೂ ಬೇರೆ ಬೇರೆ ನೋಡಿ, 4.0ರ ಸೊನ್ನೆ ಹತ್ತಕ್ಕಿಂತ ಕಡಿಮೆ ಅಂತ ಪ್ರೋಗ್ರಾಂ ಮುನಿಸಿಕೊಂಡು ಮುಚ್ಚಿಕೊಳ್ಳೋದು. ಮುನಿಸಿಕೊಳ್ಳದಿರಲಿ ಅಂತ ಒಂದು ಸುಳ್ಳು.

ಡಿಟಿಪಿ_ಅಕ್ಕ · 8:45

ಕನ್ನಡದ ವಿಷಯ ಯಾರೂ ಎತ್ತಲಿಲ್ಲ. ಮಂಡಿ ತಮ್ಮಾ, ನಿಮ್ಮ ಪಟ್ಟಿಯಲ್ಲಿ ಕನ್ನಡ ಇದೆಯಾ, ಬರೀ ಇಂಗ್ಲಿಷಾ?

ಮಂಡಿ_ಹುಡುಗ · 8:50

ತಲೆಬರಹ, ರೈತರ ಹೆಸರು, ಊರು ಎಲ್ಲಾ ಕನ್ನಡ ಅಕ್ಕಾ. ಅಂಕಿ ಮಾತ್ರ ಇಂಗ್ಲಿಷ್.

ಡಿಟಿಪಿ_ಅಕ್ಕ · 9:30

ಹಾಗಾದರೆ ಮೊದಲು ಆ ಹಳೇ ಹಾರ್ಡ್‌ಡಿಸ್ಕ್‌ನಿಂದ ಫಾಂಟ್ ಫೈಲ್ ಎತ್ತಿಟ್ಟುಕೊಳ್ಳಿ. ಪ್ರೋಗ್ರಾಂ ಸಿಕ್ಕಿ ಫಾಂಟ್ ಹೋದರೆ ನಿಮ್ಮ ರೈತರ ಹೆಸರೆಲ್ಲ ವಿಚಿತ್ರ ಇಂಗ್ಲಿಷ್ ಅಕ್ಷರ ಆಗಿ ಕೂತಿರುತ್ತವೆ.

ಯಾಕೆ ಅಂತ ಹೇಳ್ತೀನಿ. ಆ ಕಾಲದಲ್ಲಿ ವಿಂಡೋಸ್‌ಗೆ ಕನ್ನಡ ಅನ್ನೋದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಒಂದು ಅಕ್ಷರಕ್ಕೆ ಎಂಟು ಬಿಟ್, ಒಟ್ಟು 256 ಜಾಗ. ನಮ್ಮವರು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ತಲೆಕಟ್ಟು, ಕೊಂಬು, ಒತ್ತು ಅಂತ ಕನ್ನಡದ ತುಂಡುಗಳನ್ನ ಕೂರಿಸಿ ಫಾಂಟ್ ಮಾಡಿದರು. 1992ರ ವಿಂಡೋಸ್ 3.1ರಲ್ಲಿ ಟ್ರೂಟೈಪ್ ಫಾಂಟ್ ಬಂದದ್ದೇ ನಮಗೆಲ್ಲ ದಾರಿಯಾದದ್ದು. ವಿಂಡೋಸ್‌ಗೆ ಅದು ಇಂಗ್ಲಿಷೇ. ಕನ್ನಡ ಕಾಣೋದು ನಮ್ಮ ಕಣ್ಣಿಗೆ ಮಾತ್ರ. ಬರಹ, ನುಡಿಯ ಹಳೇ ಫಾಂಟ್‌ಗಳೂ ಇದೇ ದಾರಿಯವು. ನುಡಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಆಧಾರ, ಈಗಲೂ ನನ್ನ ಬೆರಳು ಅದರಲ್ಲೇ ಓಡುತ್ತದೆ.

ಇಷ್ಟು ನನಗೆ ಗೊತ್ತು. ಎಪಿಐ ಕಡೆಯಿಂದ ಏನು ನಡೆಯುತ್ತಿತ್ತು ಅಂತ ಫ್ಲಾಪಿ ಅವರು ಹೇಳಲಿ.

ಹಳೇ_ಫ್ಲಾಪಿ · 10:20

ಹೇಳ್ತೀನಿ ಅಕ್ಕೋರೆ. ಅಕ್ಷರ ಮುಟ್ಟೋ ಪ್ರತಿ ಕರೆಗೂ ವಿನ್32ರಲ್ಲಿ ಎರಡು ರೂಪ ಇದೆ. ಬಾಲದಲ್ಲಿ ಎ ಇದ್ದರೆ ಎಂಟು ಬಿಟ್‌ನ ಹಳೇ ಅಕ್ಷರ, ಡಬ್ಲ್ಯೂ ಇದ್ದರೆ ಯೂನಿಕೋಡ್, ಅಂದರೆ ಎಲ್ಲಾ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟ ಪದ್ಧತಿ. ಎನ್‌ಟಿ ಒಳಗೆಲ್ಲ ಮೊದಲಿನಿಂದಲೂ ಯೂನಿಕೋಡ್. ವಿಂಡೋಸ್ 95ರಲ್ಲಿ ಮಾತ್ರ ಡಬ್ಲ್ಯೂ ಕರೆಗಳು ಹೆಚ್ಚಿನವು ಹೆಸರಿಗಷ್ಟೇ. ಕರೆದರೆ ಆಗಲ್ಲ ಅಂತ ವಾಪಸ್ ಬರೋವು. ಮನೆಮನೆಯಲ್ಲಿ ಇದ್ದದ್ದು 95, 98. ಹಾಗಾಗಿ ಎಲ್ಲರೂ ಎ ರೂಪಕ್ಕೇ ಬರೆದರು.

ಎ ರೂಪಕ್ಕೆ ಪ್ರತಿ ಭಾಷೆಗೂ ಒಂದು ಕೋಡ್ ಪೇಜ್ ಬೇಕು, ಅಂದರೆ ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನೋ ಪಟ್ಟಿ. ರಷ್ಯನ್‌ಗೆ ಇದೆ, ಅರೇಬಿಕ್‌ಗೆ ಇದೆ, ಥಾಯ್‌ಗೆ ಇದೆ. ಕನ್ನಡಕ್ಕೆ ಅಂಥ ಕೋಡ್ ಪೇಜ್ ಕೊಡಲೇ ಇಲ್ಲ. 2001ರಲ್ಲಿ ಎಕ್ಸ್‌ಪಿ ತುಂಗಾ ಫಾಂಟ್ ಜೊತೆ ಕನ್ನಡ ತಂದಿತು, ಆದರೆ ಯೂನಿಕೋಡ್‌ನಲ್ಲಿ ಮಾತ್ರ. ವಿಬಿ6ರ ಬಟನ್, ಟೆಕ್ಸ್ಟ್ ಪೆಟ್ಟಿಗೆಗಳು ಎ ರೂಪದವು. ಅಲ್ಲಿ ಯೂನಿಕೋಡ್ ಕನ್ನಡ ಹಾಕಿದರೆ ಬರೋದು ಸಾಲಾಗಿ ಪ್ರಶ್ನೆಚಿಹ್ನೆ. ನಮ್ಮ ಗಿರಾಕಿಗಳು “ಕನ್ನಡ ಬಂದಿದೆಯಂತಲ್ಲ, ಹಾಕ್ಕೊಡಿ” ಅನ್ನೋರು. ಎಂಟು ಬಿಟ್ ಫಾಂಟನ್ನೇ ಮತ್ತೆ ಎಷ್ಟೋ ವರ್ಷ ಹಾಕಿಕೊಟ್ಟಿದ್ದು ಬೇರೆ ದಾರಿ ಇಲ್ಲದೆ.

ಡಿಟಿಪಿ_ಅಕ್ಕ · 10:33

ಎಕ್ಸ್‌ಪಿಯಲ್ಲಿ ಕನ್ನಡ ತಾನಾಗೇ ಬರುತ್ತಿರಲಿಲ್ಲ ಕೂಡ. ರೀಜನಲ್ ಸೆಟ್ಟಿಂಗ್‌ಗೆ ಹೋಗಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಇರೋದಕ್ಕೆ ಟಿಕ್ ಹಾಕಿದರೆ ಎಕ್ಸ್‌ಪಿ ಸಿಡಿ ಕೇಳೋದು. ಆ ಸಿಡಿ ಯಾವಾಗಲೂ ಬೇರೆ ಯಾರದೋ ಮನೆಯಲ್ಲಿ ಇರೋದು.

ಕಲ್ಲಿನಕೋಟೆ · 11:00

ಇದಕ್ಕೊಂದು ಹೊಸ ಅಧ್ಯಾಯ ಇದೆ. ವಿಂಡೋಸ್ 10ರ 1903 ಆವೃತ್ತಿಯಿಂದ ಒಂದು ಪ್ರೋಗ್ರಾಂ ತನ್ನ ಕೋಡ್ ಪೇಜ್ ಯುಟಿಎಫ್-8 (ಯೂನಿಕೋಡ್‌ನದೇ ಒಂದು ರೂಪ) ಅಂತ ಘೋಷಿಸಿಕೊಳ್ಳಬಹುದು. ಆಗ ಅದೇ ಎ ರೂಪದ ಕರೆಗಳಲ್ಲೇ ಕನ್ನಡ ನೇರ ಓಡುತ್ತದೆ. ಇಪ್ಪತ್ತು ವರ್ಷ ಡಬ್ಲ್ಯೂ ಬಳಸಿ ಅಂತ ಬೈಸಿಕೊಂಡವರೆಲ್ಲ ಈಗ ಎ ಕಡೆ ವಾಪಸ್.

ಸರಿ, ಪರಿಹಾರಕ್ಕೆ ಬರೋಣ. ವೈನ್ ಅಂದೆನಲ್ಲ, ಅದು 1993ರಲ್ಲಿ ಶುರುವಾದದ್ದೇ ಲಿನಕ್ಸ್‌ನಲ್ಲಿ ವಿಂಡೋಸ್ 3.1 ಪ್ರೋಗ್ರಾಂ ಓಡಿಸೋಕೆ. ವಿಂಡೋಸ್ ಎಪಿಐಯನ್ನ ಪೂರ್ತಿ ಹೊರಗಿನವರು ಕೂತು ಮತ್ತೆ ಬರೆದದ್ದು. 2018ರಿಂದ ವಾಲ್ವ್ ಕಂಪನಿಯ ಪ್ರೋಟಾನ್ ಅದರ ಮೇಲೇ ನಿಂತಿದೆ, ಲಿನಕ್ಸ್‌ನಲ್ಲಿ ವಿಂಡೋಸ್ ಆಟಗಳು ಓಡೋದು ಹಾಗೆ. ಈ ವೈನ್‌ನ 16 ಬಿಟ್ ಭಾಗವನ್ನ ಯಾರೋ ಪುಣ್ಯಾತ್ಮರು ವಾಪಸ್ 64 ಬಿಟ್ ವಿಂಡೋಸ್ ಮೇಲೆ ಕೂರಿಸಿದ್ದಾರೆ. ವೈನ್‌ವಿಡಿಎಂ ಅಂತ ಹೆಸರು. ಉಚಿತ. ಬಿಚ್ಚಿ, ನಿಮ್ಮ ಪ್ರೋಗ್ರಾಂ ಫೈಲನ್ನ ಎಳೆದು ಓಟಿವಿಡಿಎಂಡಬ್ಲ್ಯೂ ಅನ್ನೋ ಫೈಲ್ ಮೇಲೆ ಬಿಡಿ. ನೋಡೋಣ.

ಅದಾಗಲಿಲ್ಲ ಅಂದರೆ ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಲ್ಲೇ ಮಾಡಿದ ಇನ್ನೊಂದು ಕಂಪ್ಯೂಟರ್) ಒಳಗೆ 32 ಬಿಟ್ ಎಕ್ಸ್‌ಪಿ ಹಾಕಿ, ಇಂಟರ್ನೆಟ್ ಕೊಡಬೇಡಿ. 32 ಬಿಟ್ ವಿಂಡೋಸ್ 10 ಕೂಡ 16 ಬಿಟ್ ಓಡಿಸುತ್ತಿತ್ತು, ಆದರೆ ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ.

ಮಂಡಿ_ಹುಡುಗ · ಸೋಮವಾರ ಮಧ್ಯಾಹ್ನ 1:40

ತೆರೆಯಿತು!! ಆ ಬೂದು ಬಣ್ಣದ ಕಿಟಕಿ ನೋಡಿ ದೊಡ್ಡಪ್ಪ ಕನ್ನಡಕ ಒರೆಸಿಕೊಂಡರು. ಹಳೇ ಡಿಸ್ಕ್‌ನಿಂದ ಫಾಂಟ್ ತೆಗೆದು ಹಾಕಿದೆ, ಪರದೆಯಲ್ಲಿ ಕನ್ನಡ ಸರಿಯಾಗಿದೆ. 1996ರಿಂದ ಹಾಕಿದ ರೈತರ ಹೆಸರೆಲ್ಲ ಇವೆ.

ಪ್ರಿಂಟ್ ಮಾತ್ರ ಬರುತ್ತಿಲ್ಲ. ಹೊಸ ಕಂಪ್ಯೂಟರ್‌ಗೆ ಪ್ಯಾರಲಲ್ ಪೋರ್ಟ್ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಕೇಬಲ್ ತಂದೆ. ಅಂಗಡಿಯವರು ಎಲ್‌ಪಿಟಿ1 ಅಂತ ಸೆಟ್ ಮಾಡಿ, ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರ್ ಹಾಕಿ ಅಂದರು. ಹಾಕಿದೆ, ಏನೂ ಇಲ್ಲ.

ಹಳೇ_ಫ್ಲಾಪಿ · 2:05

ಅಂಗಡಿಯವರು ಹೇಳಿದ್ದು ಎರಡೂ ತಪ್ಪು. ಆ ಕೇಬಲ್ ಎಲ್‌ಪಿಟಿ1 ಕೊಡಲ್ಲ, ಯುಎಸ್‌ಬಿ001 ಅಂತ ಬೇರೆ ಪೋರ್ಟ್ ಮಾಡುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ನಲ್ಲಿ ಅದಕ್ಕೆ ಟಿಕ್ ಹಾಕಿ.

ಟೆಕ್ಸ್ಟ್ ಓನ್ಲಿ ಡ್ರೈವರ್ ತೆಗೆಯಿರಿ. ಅದು ಪ್ರಿಂಟರ್‌ಗೆ ಬರೀ ಅಕ್ಷರದ ಸಂಖ್ಯೆ ಕಳಿಸುತ್ತದೆ, ಪ್ರಿಂಟರ್ ತನ್ನ ಹೊಟ್ಟೆಯಲ್ಲಿರೋ ಇಂಗ್ಲಿಷನ್ನೇ ಹೊಡೆಯುತ್ತದೆ. ನಿಮ್ಮ ಪ್ರೋಗ್ರಾಂ ಕನ್ನಡ ಫಾಂಟ್ ಬಳಸುತ್ತದೆ ಅಂದಮೇಲೆ ಅದು ಹೋಗೋದು ಜಿಡಿಐ ಮೂಲಕ. ನಿಮ್ಮ ಪ್ರಿಂಟರ್‌ನದೇ ಡ್ರೈವರ್ ಹಾಕಿದರೆ ಅಕ್ಷರವನ್ನ ಚುಕ್ಕಿಚುಕ್ಕಿ ಚಿತ್ರ ಮಾಡಿ ಕಳಿಸುತ್ತದೆ. ನಿಧಾನ, ಆದರೆ ಕನ್ನಡ.

ಡಿಟಿಪಿ_ಅಕ್ಕ · 2:12

ಪೇಪರ್ ಸೈಜ್ ಕೂಡ ನೋಡಿ. ಹೊಸ ಡ್ರೈವರ್ ಎ4 ಅಂತ ತಾನೇ ಹಿಡಿದುಕೊಳ್ಳುತ್ತದೆ. ನಿಮ್ಮದು ತೂತಿನ ಪೇಪರ್ ಅಲ್ವಾ? ಸೈಜ್ ತಪ್ಪಿದರೆ ನಾಲ್ಕನೇ ಪಟ್ಟಿ ಹೊತ್ತಿಗೆ ತಲೆಬರಹ ನಡುವಿಗೆ ಬರುತ್ತದೆ.

ಮಂಡಿ_ಹುಡುಗ · ಸಂಜೆ 5:55

ಬಂತು. ನಾಲ್ಕನೇ ಪಟ್ಟಿಯಲ್ಲಿ ಅಕ್ಕ ಹೇಳಿದ ಹಾಗೇ ಆಯಿತು, ಆಮೇಲೆ ಸೈಜ್ ತಿದ್ದಿದೆ. ಹರಪನಹಳ್ಳಿ ಕಡೆಯ ಒಬ್ಬರು ರೈತರಿಗೆ ಮೊದಲ ಪಟ್ಟಿ ಕೊಟ್ಟೆವು. ಅವರು ಅದನ್ನ ಮಡಚಿ ಜೇಬಿಗೆ ಹಾಕಿಕೊಂಡು ಹೋದರು, ಅವರಿಗೇನು ಗೊತ್ತು ಇಷ್ಟು ರಾಮಾಯಣ.

ಈಗ ದೊಡ್ಡಪ್ಪನ ಹೊಸ ಬೇಡಿಕೆ. “ಹೆಂಗೂ ರಿಪೇರಿ ಮಾಡ್ದೆಲ್ಲ, ತೇವಾಂಶಕ್ಕೆ ಒಂದು ಕಾಲಂ ಸೇರಿಸಿಬಿಡು.” ಬೀರುವಿನಲ್ಲಿ ಹಳೇ ಲೆಕ್ಕದ ಪುಸ್ತಕಗಳ ಕೆಳಗೆ ಎರಡು ಫ್ಲಾಪಿ ಸಿಕ್ಕಿವೆ. ಒಂದರ ಮೇಲೆ ಪೆನ್ಸಿಲ್‌ನಲ್ಲಿ ‘ಪಟ್ಟಿ – ಮೂಲ’ ಅಂತ ಇದೆ. ಇದರಲ್ಲಿ ಸೋರ್ಸ್ ಇರಬಹುದಾ?

ಹಳೇ_ಫ್ಲಾಪಿ · 6:20

ಇರಬಹುದು! ಡಾಟ್ ಮ್ಯಾಕ್ ಅಂತ ಕೊನೆಯಾಗೋ ಫೈಲ್ ಇದ್ದರೆ ಅದೇ ವಿಬಿ3ರ ಪ್ರಾಜೆಕ್ಟ್. ಜೊತೆಗೆ ಎಫ್‌ಆರ್‌ಎಂ, ಬಿಎಎಸ್ ಫೈಲ್‌ಗಳು ಇರಬೇಕು. ಸೋರ್ಸ್ ಸಿಕ್ಕರೆ ವಿಬಿ4 ಮೂಲಕ 32 ಬಿಟ್‌ಗೇ ಎತ್ತಬಹುದು, 16 ಮತ್ತು 32 ಎರಡಕ್ಕೂ ಸೇತುವೆ ಆಗಿದ್ದ ಆವೃತ್ತಿ ಅದು. ಎಪಿಐ ಕರೆಗಳಿದ್ದರೆ ಕರ್ನಲ್ ಅಂತ ಇರೋ ಕಡೆಯೆಲ್ಲ ಕರ್ನಲ್32 ಮಾಡಬೇಕು, ಇಂಟಿಜರ್ ಇದ್ದ ಕಡೆ ನೋಡಿಕೊಂಡು ಲಾಂಗ್ ಮಾಡಬೇಕು. ವಿಬಿಎಕ್ಸ್ (ಪ್ರೋಗ್ರಾಂಗೆ ಹೊರಗಿನಿಂದ ಸೇರಿಸೋ 16 ಬಿಟ್ ತುಂಡು) ಅಂತ ಏನಾದರೂ ಬಳಸಿದ್ದರೆ ಅದು 32 ಬಿಟ್‌ನಲ್ಲಿ ಬರಲ್ಲ, ಬದಲಿ ಹುಡುಕಬೇಕು.

ಫ್ಲಾಪಿಯ ತಗಡಿನ ಬಾಗಿಲು ಸರಿಸಿ ಒಳಗಿನ ತಟ್ಟೆ ನೋಡಿ. ಬಿಳಿ ಚುಕ್ಕಿ ಇದ್ದರೆ ಬೂಷ್ಟು ಹಿಡಿದಿದೆ, ಡ್ರೈವ್‌ಗೆ ಹಾಕಬೇಡಿ. ಬಿಸಿಲಿಗೂ ಇಡಬೇಡಿ. ಬುಧವಾರ ನಾನೇ ಡ್ರೈವ್ ತಗೊಂಡು ಮಂಡಿಗೆ ಬರ್ತೀನಿ.

ಮಿರ್ಚಿ_ಮಂಡಕ್ಕಿ · 6:24

ಚಹಾ ಆಫರ್ ಇನ್ನೂ ಇದೆಯಾ? ನಾನೂ ಬರ್ತೀನಿ.